ಮಲಗಿದ್ದಾಳೆ ಎಂದವರ ಜೊತೆ ಹನ್ನೆರಡು ದಿನ

ದೋಣಿ ನಡೆಸಲು ಬರುತ್ತಿದ್ದುದು ನಾಲ್ವರಲ್ಲಿ ಊರ್ಮಿಳಾ ಒಬ್ಬಳಿಗೇ. ಗಂಡ ಇಂದುಧರ ಸ್ಯಾನ್ ಡಿಯೇಗೊದ ಟೆಲಿಕಾಂ ಕಂಪನಿಗಳಲ್ಲಿ ಇಪ್ಪತ್ತಾರು ವರ್ಷ ದುಡಿದ ಇಂಜಿನಿಯರ್. ಮನೆಯ ವಾಷಿಂಗ್ ಮಷಿನ್ ಕೆಟ್ಟರೆ ತಾನೇ ಬಿಚ್ಚಿ ಕೂಡಿಸುವವನು. ಆದರೂ ನೀರಿನ ಮೇಲೆ ಅವನ ಕೈ ನಡೆಯುತ್ತಿರಲಿಲ್ಲ. ಚಕ್ರ ತಿರುಗಿಸಿ ಎರಡು ಉಸಿರು ಕಾದ ಮೇಲಷ್ಟೇ ದೋಣಿ ತಿರುಗುತ್ತದೆ. ಅಷ್ಟು ಕಾಯಲಾರದೆ ಅವನು ಇನ್ನಷ್ಟು ತಿರುಗಿಸಿ ದೋಣಿಯ ಮೂತಿಯನ್ನು ಜೊಂಡಿನೊಳಕ್ಕೆ ನುಗ್ಗಿಸಿಬಿಡುತ್ತಿದ್ದ. ಜೊತೆಗೆ ಬಂದಿದ್ದ ಊರ್ಮಿಳಾಳ ಗೆಳತಿ ಶಾಮಲಾ ಮತ್ತು ಅವಳ ಗಂಡ ಬಾಲಕೃಷ್ಣ ಅವರಿಗಂತೂ ಸ್ಯಾಂಟಾ ಕ್ಲಾರಿಟಾದ ತಮ್ಮ ಮನೆಯ ಹಿಂದಿನ ಈಜುಕೊಳ ಬಿಟ್ಟರೆ ನೀರಿನ ಪರಿಚಯವೇ ಇರಲಿಲ್ಲ. ಹಾಗಾಗಿ 2023ರ ಜೂನ್ ತಿಂಗಳಲ್ಲಿ, ಉತ್ತರ ಜರ್ಮನಿಯ ವಾರೆನ್ ಎಂಬ ಊರಿನ ಕೆರೆದಂಡೆಯಲ್ಲಿ, ಬಾಡಿಗೆ ದೋಣಿಯ ಯಜಮಾನ ಮೂರು ತಾಸು ಪಾಠ ಹೇಳಿ, ಕೊನೆಗೆ ಒಂದು ಕಾಗದ ಹಿಡಿದುಕೊಂಡು "ನಿಮ್ಮಲ್ಲಿ ಕ್ಯಾಪ್ಟನ್ ಯಾರು?" ಎಂದು ಕೇಳಿದಾಗ ಮೂವರೂ ಒಟ್ಟಿಗೆ ಅವಳತ್ತ ಕೈ ತೋರಿಸಿದರು.

ಊರ್ಮಿಳಾಗೆ ಆಗ ಐವತ್ತೈದು. ಸ್ಯಾನ್ ಡಿಯೇಗೊದ ಮೀರಾ ಮೆಸಾ ಬಡಾವಣೆಯ ಒಂದು ಫಾರ್ಮಸಿಯಲ್ಲಿ ಟೆಕ್ನಿಷಿಯನ್. ಕೌಂಟರಿನ ಹಿಂದೆ ನಿಂತು ಗುಳಿಗೆ ಎಣಿಸಿ, ಬಾಟಲಿಗೆ ಹಾಕಿ, ಯಾವುದನ್ನು ಊಟಕ್ಕೆ ಮೊದಲು, ಯಾವುದನ್ನು ಊಟದ ಮೇಲೆ ಎಂದು ಹೇಳಿ ಕಳಿಸುವ ಕೆಲಸ. ಹುಟ್ಟಿ ಬೆಳೆದದ್ದು ಹುಬ್ಬಳ್ಳಿ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಕೊಡ, ಹಂಡೆ, ಕೊನೆಗೆ ಚಹಾದ ಪಾತ್ರೆ ಕೂಡ ತುಂಬಿಡುತ್ತಿದ್ದ ತಾಯಿಯ ಮಗಳು. ಅಂಥವಳಿಗೆ ದೋಣಿಯ ಹುಚ್ಚು ಹತ್ತಿದ್ದು ಆ ತಾಯಿ ಹೋದ ಮೇಲೆ.

ತಾಯಿ ಗುರುಶಾಂತವ್ವ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮಗ ಓಂಪ್ರಕಾಶನ ಮನೆಯಲ್ಲಿದ್ದರು. ಊರ್ಮಿಳಾ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವರಿಗೆ ಫೋನ್ ಮಾಡುತ್ತಿದ್ದಳು. ಅಲ್ಲಿ ಅದು ರಾತ್ರಿ ಊಟದ ಹೊತ್ತು. ಏನು ಪಲ್ಯ, ಯಾರ ಮನೆಯಲ್ಲಿ ಸೀಮಂತದ ಕುಬಸ, ಯಾರ ರವಿಕೆ ಯಾರು ಕೆಡಿಸಿದರು, ಇಷ್ಟೇ ಮಾತು. ಆದರೆ ಒಂದು ದಿನವೂ ತಪ್ಪುತ್ತಿರಲಿಲ್ಲ.

2021ರ ಏಪ್ರಿಲ್ ಕೊನೆಗೆ ಅವಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ನಿಗದಿಯಾಯಿತು. ತಾಯಿಗೆ ಹೇಳಿದರೆ ಗಾಬರಿಯಾಗುತ್ತಾರೆಂದು ಒಂದು ಸುಳ್ಳು ಹೇಳಿದಳು. "ವ್ಯಾಕ್ಸೀನ್ ಗದ್ದಲ ಭಾಳ ಐತಿ ಅವ್ವ. ಹತ್ತ ಹನ್ನೆರಡು ದಿನ ಫೋನ್ ಮಾಡಾಕ ಆಗಂಗಿಲ್ಲ." ಗುರುಶಾಂತವ್ವನಿಗೆ ಅದು ಹಿಡಿಸಲಿಲ್ಲ. "ಆತು ತಗೋ. ಔಷಧ ಮಾರೋದು ದೊಡ್ಡದು, ಅವ್ವ ಸಣ್ಣಾಕಿ" ಎಂದು ಫೋನಿಟ್ಟರು. ಆಪರೇಷನ್ ಆಯಿತು. ಆರೈಕೆಗೆಂದು ಶಾಮಲಾ ಒಂದು ವಾರ ಬಂದು ಉಳಿದಳು. ಊರ್ಮಿಳಾ ನೋವಿನ ಗುಳಿಗೆ ನುಂಗಿ ಮಲಗುತ್ತಿದ್ದಳು, ಎದ್ದಾಗ ಗಂಜಿ ಕುಡಿಯುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ವಿಶ್ರಾಂತಿಗೆ ಅಡ್ಡಿಯಾಗುತ್ತದೆಂದು ಅವಳ ಫೋನನ್ನು ಇಂದುಧರನೇ ಇಟ್ಟುಕೊಂಡಿದ್ದ. "ಅವ್ವ ಹ್ಯಾಂಗದಾಳ್ರಿ?" ಎಂದು ಕೇಳಿದಾಗಲೆಲ್ಲ, "ಆರಾಮ ಅದಾರ, ಓಂಪ್ರಕಾಶ ಮೆಸೇಜ್ ಹಾಕ್ಯಾನ" ಎನ್ನುತ್ತಿದ್ದ.

ಡಾಕ್ಟರಿಗೆ ಹೊಲಿಗೆ ತೋರಿಸಿ ಬಂದ ದಿನ ಅವನು ಅವಳನ್ನು ಸೋಫಾದ ಮೇಲೆ ಕೂಡಿಸಿ, ಕೈ ಹಿಡಿದುಕೊಂಡು ಹೇಳಿದ. ಮೂರು ದಿನದ ಹಿಂದೆ ಅವ್ವ ಹೋದರು. ಮನೆಯಲ್ಲೇ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಒಂದಿಷ್ಟೂ ನೋವಿಲ್ಲ.

ಅಳು ಎಷ್ಟು ಬಂದರೂ ಆ ನಿದ್ದೆಯ ಮಾತೊಂದು ಅವಳನ್ನು ಹಿಡಿದು ನಿಲ್ಲಿಸಿತು. ಫಾರ್ಮಸಿಯ ಕೌಂಟರಿಗೆ ಆ ವರ್ಷ ಎಂತೆಂಥವರು ಬಂದರು! ಆಸ್ಪತ್ರೆಯ ಕಿಟಕಿಯ ಹೊರಗಿನಿಂದ ಗಂಡನಿಗೆ ಕೈ ಬೀಸಿ ಕಳಿಸಿಕೊಟ್ಟವರು, ಯಾರದೋ ಫೋನಿನಲ್ಲಿ ಅಪ್ಪನ ಕೊನೆಯ ಮಾತು ಕೇಳಿದವರು. ಅವರಿಗೆಲ್ಲ ಅವಳು ಮೆಲ್ಲಗೆ, "ನಮ್ಮ ತಾಯಿಯೂ ಹೋದರು. ಆದರೆ ನಿದ್ದೆಯಲ್ಲಿ ಹೋದರು, ಅಷ್ಟು ಪುಣ್ಯ" ಎನ್ನುತ್ತಿದ್ದಳು. ಶಾಮಲಾ ಎದುರಿಗಿದ್ದಾಗಲೂ ಎಷ್ಟೋ ಸಲ ಹಾಗೆ ಹೇಳಿದ್ದುಂಟು. ಶಾಮಲಾ ತಲೆ ಆಡಿಸುತ್ತಿದ್ದಳು.

ಡಾಕ್ಟರ್ ನಡೆಯಬೇಕು ಅಂದಿದ್ದರು. ಊರ್ಮಿಳಾ ಸಂಜೆ ಮಿಷನ್ ಬೇ ಕೊಲ್ಲಿಯ ದಂಡೆಗುಂಟ ನಡೆಯುತ್ತಿದ್ದಳು. ಅಲ್ಲಿ ಹೆಂಗಸರಿಗೆ ಮೋಟಾರು ದೋಣಿ ನಡೆಸಲು ಕಲಿಸುವ ತರಗತಿಯ ಬೋರ್ಡು ಕಂಡು, ಒಂದು ದಿನ ಸುಮ್ಮನೆ ಒಳಗೆ ಹೋದಳು. ಒಂದು ವರ್ಷದಲ್ಲಿ ಗಂಟು ಹಾಕುವುದು, ಗಾಳಿ ನೋಡಿ ದಂಡೆಗೆ ಹಚ್ಚುವುದು, ಹಿಂದಕ್ಕೆ ತಗೊಳ್ಳುವುದು ಎಲ್ಲ ಕಲಿತಳು. ಎರಡು ದೋಣಿಗಳ ನಡುವಿನ ಇಕ್ಕಟ್ಟು ಜಾಗದಲ್ಲಿ ತಾಗಿಸದೆ ನಿಲ್ಲಿಸಿದ ದಿನ ಮನೆಗೆ ಬಂದು ಇಂದುಧರನ ಮುಂದೆ ಜೋರಾಗಿ ನಕ್ಕಳು. ಅವಳ ಐವತ್ತೈದನೆಯ ಹುಟ್ಟುಹಬ್ಬಕ್ಕೆ ಜರ್ಮನಿಯ ಕೆರೆ ಕಾಲುವೆಗಳ ಮೇಲೆ ಹನ್ನೆರಡು ದಿನದ ದೋಣಿ ಪ್ರವಾಸ ಎಂದು ಹೊರಡಿಸಿದವಳು ಶಾಮಲಾ. "ನೀನು ಡ್ರೈವ್ ಮಾಡು, ನಾವು ಕೂತ್ಕೊಂಡು ತಿಂತೀವಿ" ಅಂದಿದ್ದಳು.

ದೋಣಿ ನಲವತ್ತು ಅಡಿಯದು. ಮುಂದೊಂದು ಮಲಗುವ ಕೋಣೆ, ಹಿಂದೊಂದು, ನಡುವೆ ಅಡುಗೆಗೆ ಎರಡು ಒಲೆಯ ಗ್ಯಾಸು, ಮೇಜು, ಬೆಂಚು. ಮೊದಲ ದಿನವೇ ಊರ್ಮಿಳಾ ಕೆಲಸ ಹಂಚಿದಳು. ಬಾಲಕೃಷ್ಣನಿಗೆ ಮುಂದಿನ ಹಗ್ಗ. ಇಂದುಧರನಿಗೆ ಬೆಳಿಗ್ಗೆ ಎಂಜಿನ್ ಎಣ್ಣೆ ನೋಡುವುದು, ದಂಡೆಯ ನಳದಿಂದ ನೀರಿನ ಟ್ಯಾಂಕು ತುಂಬಿಸುವುದು. ಶಾಮಲಾಗೆ ಅಡುಗೆ. ಸ್ನಾನಕ್ಕೆ ನೀರು ಬಿಟ್ಟುಕೊಂಡು ನಿಲ್ಲುವಂತಿಲ್ಲ. ಮೈ ನೆನೆಸಿ, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಡಬೇಕು. "ಎಂಟು ದಿನಕ್ಕೊಮ್ಮೆ ನಳ ಬಂದವರಿಗೆ ಹೇಳ್ಕೊಡಬೇಕಿಲ್ಲ, ಬೆಂಗಳೂರಿನವರಿಗೆ ಹೇಳಬೇಕು" ಎಂದು ಅವಳು ಶಾಮಲಾಳನ್ನು ಛೇಡಿಸಿದಳು.

ದಿನಗಳಿಗೆ ತಮ್ಮದೇ ಲಯ ಬಂತು. ಬೆಳಿಗ್ಗೆ ಕೆರೆಯ ಮೇಲಿನ ಮಂಜು ಕರಗುವವರೆಗೆ ಚಹಾ. ಬಾಲಕೃಷ್ಣ ದಂಡೆಯ ಊರಿಗೆ ನಡೆದು ಬಿಸಿ ಬ್ರೆಡ್ಡು ತರುತ್ತಿದ್ದ. ಆಮೇಲೆ ಹಗ್ಗ ಬಿಚ್ಚಿ, ತಾಸಿಗೆ ಐದಾರು ಮೈಲಿಯ ವೇಗದಲ್ಲಿ ಹೊರಟರೆ ಕೆರೆ ಮುಗಿದು ಕಾಲುವೆ, ಕಾಲುವೆ ಮುಗಿದು ಕೆರೆ. ಕಾಲುವೆಯಲ್ಲಿ ಎರಡೂ ಕಡೆಯ ಮರಗಳ ಕೊಂಬೆಗಳು ಮೇಲೆ ಕೂಡಿ ಹಸಿರು ಚಪ್ಪರದಂತಿರುತ್ತಿದ್ದವು. ನೈದಿಲೆ ಎಲೆಗಳು ದೋಣಿಗೆ ಹಾದಿ ಬಿಟ್ಟು ಹಿಂದೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಮಧ್ಯಾಹ್ನ ಲಂಗರು ಇಳಿಸಿ ಊಟ. ಮೀರಾ ಮೆಸಾದಿಂದ ಹೊತ್ತು ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಸಣ್ಣ ಕುಕ್ಕರಿನಲ್ಲಿ ಬೇಳೆ. ಕುಕ್ಕರ್ ಸೀಟಿ ಹೊಡೆದಾಗ ಪಕ್ಕದ ದೋಣಿಯ ಮುದುಕ ಹೆದರಿ ತನ್ನ ಎಂಜಿನ್ನೇ ಆರಿಸಿಬಿಟ್ಟಿದ್ದ. ಅವತ್ತು ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಹಗುರಾಗಿ ಇದ್ದದ್ದು ಯಾವಾಗ ಎಂದು ಊರ್ಮಿಳಾಗೆ ನೆನಪಾಗಲಿಲ್ಲ.

ದಾರಿಯಲ್ಲಿ ಅಲ್ಲಲ್ಲಿ ಲಾಕ್‌ಗಳಿದ್ದವು. ಒಂದು ಕೆರೆಯ ನೀರು ಮೇಲೆ, ಮುಂದಿನದು ಕೆಳಗೆ ಇದ್ದರೆ, ನಡುವೆ ಎರಡು ಗೇಟುಗಳ ಒಂದು ಕಾಂಕ್ರೀಟ್ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಗೇಟು ಮುಚ್ಚುತ್ತದೆ. ನೀರು ನಿಧಾನಕ್ಕೆ ಇಳಿದು ದೋಣಿಯನ್ನೂ ಇಳಿಸುತ್ತದೆ. ಆಮೇಲೆ ಮುಂದಿನ ಗೇಟು ತೆರೆದು ಹಸಿರು ದೀಪ ಹತ್ತುತ್ತದೆ. ಅಲ್ಲಿ ಹಗ್ಗ ಕಟ್ಟಬಾರದು. ಗೋಡೆಯ ಗೂಟಕ್ಕೆ ಒಂದು ಸುತ್ತು ಬಳಸಿ ತುದಿಯನ್ನು ಕೈಯಲ್ಲಿ ಹಿಡಿದು, ನೀರು ಇಳಿದಂತೆ ಸಡಿಲ ಬಿಡುತ್ತ ಹೋಗಬೇಕು. ಹಿಂದಿನ ಹಗ್ಗವನ್ನು ಊರ್ಮಿಳಾ ಯಾರಿಗೂ ಕೊಡುತ್ತಿರಲಿಲ್ಲ.

ಐದನೆಯ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಅಂಥದೊಂದು ಲಾಕ್‌ನೊಳಗಿದ್ದರು. ಹಿಂದೆ ಇನ್ನೂ ಎರಡು ದೋಣಿ. ಗೋಡೆಯ ಮೇಲೆ ಒಬ್ಬ ಅಜ್ಜಿ ಬುಟ್ಟಿ ಇಟ್ಟುಕೊಂಡು ಚೆರ್ರಿ ಹಣ್ಣು ಮಾರುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಬಾಗಿ ದೋಣಿಯೊಳಗೆ ಇಣುಕಿದಳು. ಬಾಲಕೃಷ್ಣ ಮಾತಿನ ಮನುಷ್ಯ. ಬಾಯಿಗೆ ಬಂದದ್ದನ್ನು ತಡೆದು ಅಭ್ಯಾಸವಿಲ್ಲ. ಮುಂದಿನ ತುದಿಯಿಂದಲೇ ಕೂಗಿ ಹೇಳಿದ:

"ನೋಡಿ ಊರ್ಮಿಳಾ ಅವ್ರೇ, ಥೇಟ್ ನಿಮ್ಮ ತಾಯಿ ಥರಾನೇ ಇದಾರೆ! ಅವತ್ತು ವಿಡಿಯೊ ಕಾಲಲ್ಲೂ ಹೀಗೇ, ಕನ್ನಡಕ ಮೂಗಿನ ತುದೀಲಿ. ಪಾಪ, ಆ ಆಕ್ಸಿಜನ್ ಮಾಸ್ಕ್ ಸರಿಸಿ ಸರಿಸಿ ಮಾತಾಡ್ತಾ ಇದ್ರು."

"ಯಾವ ವಿಡಿಯೊ ಕಾಲ್?" ಎಂದಳು ಊರ್ಮಿಳಾ.

ಬಾಲಕೃಷ್ಣನ ಮುಖದಲ್ಲಿ ನಗು ಇದ್ದಂತೆಯೇ ನಿಂತಿತು. ಅವನು ಶಾಮಲಾಳತ್ತ ನೋಡಿದ. ಶಾಮಲಾ ಇಂದುಧರನತ್ತ ನೋಡಿದಳು. ಇಂದುಧರ ನೀರು ನೋಡತೊಡಗಿದ.

"ಮಾಸ್ಕ್ ಯಾಕ ಇತ್ತು? ಅವ್ವ ಮನ್ಯಾಗ ಮಲಗಿದ್ಲಲ್ಲ?"

ನೀರು ಇಳಿಯುತ್ತಲೇ ಇತ್ತು. ಊರ್ಮಿಳಾಳ ಕೈಯಲ್ಲಿದ್ದ ಹಗ್ಗ ಸಡಿಲಾಗುವುದು ನಿಂತು ದೋಣಿಯ ಕೊಂಡಿಗೆ ಸಿಕ್ಕಿ ಬಿಗಿಯಿತು. ದೋಣಿಯ ಹಿಂಭಾಗ ಗೋಡೆಗೆ ನೇತುಬಿದ್ದಂತಾಗಿ ಇಡೀ ದೋಣಿ ಒಂದು ಕಡೆಗೆ ವಾಲಿತು. ಒಳಗೆ ಕುಕ್ಕರ್, ತಟ್ಟೆ, ಚಹಾದ ಲೋಟ ಎಲ್ಲ ಧಡಧಡ ಬಿದ್ದವು. ಹಿಂದಿನ ದೋಣಿಯವರು ಕೂಗಿದರು. "ಹಗ್ಗ! ಊರ್ಮಿಳಾ, ಹಗ್ಗ!" ಎಂದು ಇಂದುಧರ ಕಿರುಚಿದ. ಅವಳು ಹಿಮ್ಮಡಿಯಿಂದ ಕೊಂಡಿಗೆ ಒದ್ದು ಬಿಡಿಸಿದಳು. ಹಗ್ಗ ಬಲ ಅಂಗೈ ಸುಲಿದುಕೊಂಡು ಸರ್ರನೆ ಓಡಿತು. ದೋಣಿ ದಪ್ಪನೆ ಕೂತು ನೆಟ್ಟಗಾಯಿತು. ಅಷ್ಟರಲ್ಲಿ ಗೇಟು ತೆರೆದು ಹಸಿರು ದೀಪ ಬಂದಿತ್ತು. ಹಿಂದಿನ ಎರಡು ದೋಣಿಗಳವರು ಕಾಯುತ್ತಿದ್ದರು. ಅವಳು ಚಕ್ರ ಹಿಡಿದು ದೋಣಿ ಹೊರಗೆ ತಂದಳು.

ಮುಂದಿನ ಕಟ್ಟುವ ಜಾಗ ಮುಕ್ಕಾಲು ತಾಸಿನ ದಾರಿ. ಇಕ್ಕಟ್ಟು ಕಾಲುವೆ, ಎದುರಿನಿಂದ ಬರುವ ದೋಣಿಗಳು, ಒಂದು ತಿರುವಿನಲ್ಲಿ ತಗ್ಗು ಸೇತುವೆ. ಕಣ್ಣು ತೆಗೆಯುವಂತಿರಲಿಲ್ಲ. ಮುಕ್ಕಾಲು ತಾಸೂ ಅವಳು ಚಕ್ರದ ಮೇಲೆ ರಕ್ತದ ಅಂಗೈ ಇಟ್ಟುಕೊಂಡು, ಎದುರಿನ ನೀರನ್ನೇ ನೋಡುತ್ತ, ಹಿಂದೆ ಮೂವರು ಪಿಸುಗುಡದೆ ಕೂತಿರುವುದನ್ನು ಬೆನ್ನಿನಿಂದಲೇ ಕೇಳಿಸಿಕೊಂಡಳು. ಅವಳು ಫಾರ್ಮಸಿಯಲ್ಲಿದ್ದವಳು. ಆಕ್ಸಿಜನ್ ಮಾಸ್ಕ್ ಅಂದರೆ ಎಷ್ಟು ದಿನ, ಹೇಗೆ, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಟ್ಟಿಗೆಯ ಅಟ್ಟಣೆಗೆ ದೋಣಿ ಕಟ್ಟಿ, ಎಂಜಿನ್ ಆರಿಸಿ ಬಂದು ಗಂಡನ ಎದುರಿಗೆ ಕೂತಳು.

"ಹೇಳ್ರಿ."

ಇಂದುಧರ ಹೇಳಿದ. ಅವಳ ಆಪರೇಷನ್ನಿನ ಮರುದಿನವೇ ಗುರುಶಾಂತವ್ವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಕೋವಿಡ್. ಏಳು ದಿನ ಅಲ್ಲಿದ್ದರು. ಓಂಪ್ರಕಾಶ ಮೂರು ಸಲ ಇಂದುಧರನ ಫೋನಿಗೆ ವಿಡಿಯೊ ಕಾಲ್ ಮಾಡಿದ್ದ. ಅವ್ವ ಮಗಳ ಹತ್ತಿರ ಮಾತಾಡಬೇಕು ಅನ್ನುತ್ತಿದ್ದಾಳೆ ಎಂದು. ಮೂರು ಸಲವೂ ಇಂದುಧರ, ಮಲಗಿದ್ದಾಳೆ ಎಂದಿದ್ದ. ಕೊನೆಯ ಸಲ ಬಾಲಕೃಷ್ಣನೂ ಅಲ್ಲಿದ್ದ. ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಬಂದಿದ್ದ.

"ಹೊಲಿಗಿ ಹಸಿ ಇದ್ವು. ಟೆನ್ಶನ್ ಆಗಬಾರ್ದು ಅಂತ ಡಾಕ್ಟರ್ ಅಂದಿದ್ರು. ಹೇಳಿದ್ರ ನೀ ಏನ್ ಮಾಡ್ತಿದ್ದಿ? ಹೋಗಾಕಂತೂ ಆಗ್ತಿರ್ಲಿಲ್ಲ."

"ಮಾತಾಡ್ತಿದ್ದೆ."

"ನೋಡು, ನೀನೂ ಆಪರೇಷನ್ ವಿಷಯ ನಿಮ್ಮವ್ವಗ ಮುಚ್ಚಿಟ್ಟಿದ್ದಿ. ಸುಳ್ಳು ನಾ ಒಬ್ಬನ ಹೇಳಿಲ್ಲ."

"ಹೌದು, ಮುಚ್ಚಿಟ್ಟಿದ್ದೆ. ಆರಾಮಾದ ಮ್ಯಾಲೆ ಖರೇ ಹೇಳಾಕ ನಾ ಇರ್ತಿದ್ದೆ. ಆಕಿಗೆ 'ಆಮ್ಯಾಲೆ' ಅನ್ನೋದು ಇರಲಿಲ್ಲ. ಅದು ನಿಮಗ ಗೊತ್ತಿತ್ತು."

ಇಂದುಧರ ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸತೊಡಗಿದ.

"ಎರಡು ವರ್ಷದಾಗ ಒಂದು ದಿನಾನೂ ಹೇಳಬೇಕು ಅನಿಸಲಿಲ್ಲೇನು?"

"ಅನಿಸಿತ್ತು. ಅಷ್ಟರಾಗ ನೀ ದೋಣಿ ಕಲಿಯಾಕ ಹತ್ತಿದಿ. ನಗಾಕ ಹತ್ತಿದಿ. ಅದನ್ನ ಯಾಕ ಕೆಡಿಸ್ಲಿ ಅಂತ ಸುಮ್ಮನಾದೆ."

ಆ ಮಾತು ಅವಳಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಚುಚ್ಚಿತು. ತಾನು ನಕ್ಕ ನಗೆಯನ್ನೆಲ್ಲ ಈ ಮೂವರು ಒಂದು ಕಡೆ ನಿಂತು ನೋಡುತ್ತಿದ್ದರು. ನಿದ್ದೆಯಲ್ಲಿ ಹೋದರು ಎಂದು ತಾನು ಕೌಂಟರಿನ ಮೇಲೆ ಬಾಗಿ ಊರವರಿಗೆಲ್ಲ ಹೇಳುವಾಗ ಮನೆಯಲ್ಲಿ ನಿಜ ಬೇರೆಯೇ ಇತ್ತು. ಆಸ್ಪತ್ರೆಯಲ್ಲಿ ತಮ್ಮವರನ್ನು ಕಳಕೊಂಡವರ ಮುಂದೆ ತನ್ನ ಪುಣ್ಯ ಹೇಳಿಕೊಂಡದ್ದು ನೆನಪಾಗಿ ಮುಖ ಬಿಸಿಯಾಯಿತು.

ಬಾಲಕೃಷ್ಣ ಮೆಲ್ಲಗೆ, "ಇಲ್ಲೇ ಎಲ್ಲಾದ್ರೂ ದೋಣಿ ಬಿಟ್ಟು ಟ್ರೇನ್ ಹಿಡಿಯೋಣ ಊರ್ಮಿಳಾ ಅವ್ರೇ. ನಿಮಗೆ ಕಷ್ಟ ಆಗತ್ತೆ" ಅಂದ. ಅವಳು ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತ, "ತಗೊಂಡಲ್ಲೇ ಬಿಡಬೇಕು. ಕಾಗದದ ಮ್ಯಾಲೆ ನನ್ನ ಹೆಸರೈತಿ" ಎಂದಳು.

ಅಲ್ಲಿಂದ ಏಳು ದಿನ. ನಲವತ್ತು ಅಡಿಯ ದೋಣಿಯಲ್ಲಿ ಸಿಟ್ಟು ಮಾಡಿಕೊಂಡು ಹೋಗಲು ಜಾಗವೇ ಇರಲಿಲ್ಲ. ಅಡುಗೆಯ ಮೇಜು ಒಂದೇ. ನಡೆಯುವ ದಾರಿ ಎಷ್ಟು ಸಣ್ಣದೆಂದರೆ ಒಬ್ಬರು ಸರಿದು ನಿಲ್ಲದೆ ಇನ್ನೊಬ್ಬರು ದಾಟುವಂತಿಲ್ಲ. ನೀರು ತುಂಬಬೇಕಿತ್ತು, ಬ್ರೆಡ್ಡು ತರಬೇಕಿತ್ತು, ಶೌಚದ ಟ್ಯಾಂಕು ಖಾಲಿ ಮಾಡಿಸಬೇಕಿತ್ತು. ಎಲ್ಲವೂ ನಡೆಯಿತು. ಊರ್ಮಿಳಾಳ ಬಾಯಿಂದ ಬರುತ್ತಿದ್ದುದು ಕೆಲಸದ ಮಾತಷ್ಟೇ. "ಬಿಚ್ಚರಿ." "ಹಿಡೀರಿ." "ಎಡಕ್ಕ ನೋಡ್ರಿ, ಯಾರರ ಬರಾಕತ್ತಾರೇನು." ಮೂವರೂ ಅವಳು ಹೇಳುವ ಮೊದಲೇ ಓಡಿ ಮಾಡುತ್ತಿದ್ದರು. ಇಂದುಧರ ಎಂಜಿನ್ನಿನ ಎಣ್ಣೆಯನ್ನು ದಿನಕ್ಕೆ ಎರಡು ಸಲ ನೋಡತೊಡಗಿದ. ಅವಳು ಹಿಂದಿನ ಕೋಣೆ ಬಿಟ್ಟು ಮೇಲೆ ಚಕ್ರದ ಪಕ್ಕದ ಬೆಂಚಿನ ಮೇಲೆ ಮಲಗಿದಳು.

ಅವಳಿಗೆ ಆಶ್ಚರ್ಯವಾದದ್ದು, ದೋಣಿ ಅವಳ ಮಾತು ಕೇಳುವುದು ಬಿಡಲಿಲ್ಲ ಎಂಬುದು. ಮನಸ್ಸು ಎಲ್ಲೋ ಇದ್ದರೂ ಕೈ ತಪ್ಪಲಿಲ್ಲ. ದೊಡ್ಡ ಕೆರೆ ದಾಟುವಾಗ ಗಾಳಿ ಎದ್ದು, ಅಲೆ ಪಕ್ಕಕ್ಕೆ ಬಡಿದು, ಶಾಮಲಾ ಕಂಬಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಇವರನ್ನೆಲ್ಲ ದಂಡೆಗೆ ಮುಟ್ಟಿಸುವವಳು ತಾನೇ ಎಂದು ಊರ್ಮಿಳಾಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ತನ್ನ ಕೈಯನ್ನು ಮೂವರೂ ಇಷ್ಟು ನೆಚ್ಚಿಕೊಂಡು ಕೂತಿದ್ದಾರಲ್ಲ ಎಂದು ಅವಳಿಗೆ ಸಂಕಟವಾಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಗಂಡಸರಿಬ್ಬರೂ ನೀರಿನ ಪೈಪು ಹಿಡಿದು ದಂಡೆಯಲ್ಲಿದ್ದಾಗ ಶಾಮಲಾ ಅಡುಗೆ ಬಿಟ್ಟು ಮೇಲೆ ಬಂದಳು. ಕಣ್ಣು ಕೆಂಪಾಗಿದ್ದವು.

"ಇನ್ನೊಂದು ಇದೆ ಕಣೇ. ಹೇಳದೆ ನಂಗೆ ಇರಕ್ಕಾಗ್ತಿಲ್ಲ."

ಊರ್ಮಿಳಾ ಕೈಯಲ್ಲಿದ್ದ ನಕ್ಷೆ ಮಡಚಿಟ್ಟಳು.

"ಕೊನೇ ಕಾಲಲ್ಲಿ ನಿಮ್ಮಮ್ಮ ತುಂಬಾ ಹಟ ಮಾಡಿದ್ರು. ಎಬ್ಬಿಸು ಎಬ್ಬಿಸು ಅಂತ. ಇಂದುಧರ ನನ್ನ ಮುಂದೆ ಕೈ ಮುಗಿದುಬಿಟ್ಟ. ರೂಮಲ್ಲಿ ಪರದೆ ಎಳೆದು ಕತ್ಲೆ ಮಾಡಿದ್ವಿ. ಅವ್ರಿಗೂ ಕಣ್ಣು ಅಷ್ಟಕ್ಕಷ್ಟೇ. ನಾನು... ನಾನು ನೀನು ಅಂತ ಮಾತಾಡ್ದೆ. ಬರೀ ಹೂಂ ಅಂದೆ. ಹೂಂ ಅಮ್ಮ, ಆಯ್ತಮ್ಮ, ಅಷ್ಟೇ ಕಣೇ. ಅವ್ರಿಗೆ ಸಮಾಧಾನ ಆಗ್ಲಿ ಅಂತ."

ದಂಡೆಯಲ್ಲಿ ಪೈಪಿನಿಂದ ನೀರು ಟ್ಯಾಂಕಿಗೆ ಬೀಳುವ ಸದ್ದು ಕೇಳುತ್ತಿತ್ತು. ಊರ್ಮಿಳಾ ಕೇಳಿದಳು:

"ಅವ್ವ ಏನಂದ್ಳು?"

ಶಾಮಲಾ ಅಂಗಿಯ ತುದಿಯಿಂದ ಮೂಗು ಒರೆಸಿಕೊಂಡಳು.

"ತುಂಬಾ ಹೊತ್ತು ಮಾತಾಡಿದ್ರು. ಒಂದು ಐದು ನಿಮಿಷ."

"ಏನಂದ್ಳು?"

"ನಂಗೆ ಅರ್ಥ ಆಗ್ಲಿಲ್ಲ ಕಣೇ. ನಿಮ್ಮ ಕಡೆ ಮಾತು, ಅದರ ಮೇಲೆ ಮಾಸ್ಕು, ಆ ಮಷಿನ್ ಸದ್ದು. ಏನೋ ಟ್ರಂಕು ಅಂದ್ರು. ಏನೋ ಸಿಟ್ಟು ಅಂದ್ರು. ನಾನು ಹೂಂ ಹೂಂ ಅಂತಿದ್ದೆ."

ಊರ್ಮಿಳಾ ಎದ್ದು ನಿಂತಳು. ಹೊಡೆದಾಳು ಎಂದುಕೊಂಡು ಶಾಮಲಾ ಒಂದು ಹೆಜ್ಜೆ ಹಿಂದೆ ಸರಿದಳು. ಊರ್ಮಿಳಾ ಹೊಡೆಯಲಿಲ್ಲ. "ನನಗಂತ ಹೇಳಿದ ಮಾತು ಶಾಮಲಾ ಅವು. ಐದು ನಿಮಿಷದ ಮಾತು. ತಗೊಂಡು ಚೆಲ್ಲಿಬಿಟ್ಟಿ" ಎಂದಳು. ಆಮೇಲೆ ದೋಣಿ ಇಳಿದು, ಅಟ್ಟಣೆ ದಾಟಿ, ಕಾಡಿನ ದಾರಿ ಹಿಡಿದು ಹೋದಳು. ಮೂರು ತಾಸು ಬರಲಿಲ್ಲ. ಬಂದಾಗ ಚಪ್ಪಲಿಗೆ ಕೆಸರು ಮೆತ್ತಿತ್ತು. ಯಾರನ್ನೂ ನೋಡದೆ ಎಂಜಿನ್ ಹಾಕಿದಳು.

ಹನ್ನೆರಡನೆಯ ದಿನ ವಾರೆನ್ನಿನ ದಂಡೆಗೆ ದೋಣಿ ತಾಗಿಸದೆ ತಂದು ನಿಲ್ಲಿಸಿದಳು. ಯಜಮಾನ ಸುತ್ತ ನಡೆದು ನೋಡಿ, ಒಂದು ಗೀರೂ ಇಲ್ಲ ಎಂದು ಕೈ ಕುಲುಕಲು ಬಂದ. ಅವಳು ಎಡಗೈ ಕೊಟ್ಟಳು.

ಸ್ಯಾನ್ ಡಿಯೇಗೊಗೆ ಬಂದ ಮರುದಿನ ಬೆಳಿಗ್ಗೆ ಗ್ಯಾರೇಜಿನೊಳಗೆ ಕಾರಿನಲ್ಲಿ ಕೂತು ಓಂಪ್ರಕಾಶನಿಗೆ ಫೋನ್ ಮಾಡಿದಳು. ಅವನು ಮೊದಲು ತಡವರಿಸಿದ. ಆಮೇಲೆ ಅತ್ತ. "ಮಾಮಾರು ಹೇಳಬ್ಯಾಡ ಅಂದ್ರು ಅಕ್ಕಾ. ನಿನ್ನ ಜೀವಕ್ಕ ಏನರ ಆದೀತು ಅಂದ್ರು. ನಾ ಏನ್ ಮಾಡ್ಲಿ?"

"ಅವ್ವ ಕೊನೀಗೆ ಫೋನ್‌ದಾಗ ಏನಂದ್ಳು? ನೀ ಕೇಳಿದ್ಯಿಲ್ಲೋ?"

"ನಾ ಒಳಗ ಇರಲಿಲ್ಲ ಅಕ್ಕಾ. ಬಿಡ್ತಿರಲಿಲ್ಲ. ಫೋನ್ ಹಚ್ಚಿ ನರ್ಸ್ ಕೈಯಾಗ ಕೊಟ್ಟಿದ್ದೆ. ಗಾಜಿನ ಹೊರಗ ನಿಂತಿದ್ದೆ." ಅವನು ಮತ್ತೆ ಹೇಳಿದ. "ಆಮ್ಯಾಲೆ ಆ ನರ್ಸ್ ಬಂದು ಫೋನ್ ಕೊಟ್ಟು ಒಂದು ಮಾತು ಹೇಳಿದ್ಲು, ನನಗ ಆವಾಗ ತಿಳೀಲಿಲ್ಲ. ನಿಮ್ಮವ್ವ ಕೇಳಾಕತ್ತಿದ್ರು ಅಂದ್ಲು. 'ನಮ್ಮ ಊರ್ಮಿ ನನ್ನ ಯಾವಾಗಿಂದ ಅಮ್ಮ ಅನ್ನಾಕ ಹತ್ಯಾಳ?' ಅಂತ."

ಊರ್ಮಿಳಾ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಳು. ತಮ್ಮ ಎರಡು ಮೂರು ಸಲ "ಅಕ್ಕಾ, ಅಕ್ಕಾ" ಅಂದ. ಹುಟ್ಟಿದಂದಿನಿಂದ ಅವಳು ತಾಯಿಯನ್ನು ಅವ್ವ ಎಂದವಳು. ಅಂದರೆ ಗುರುಶಾಂತವ್ವನಿಗೆ ಗೊತ್ತಾಗಿತ್ತು. ಅಥವಾ ಅನುಮಾನ ಬಂದು ಅಲ್ಲಿಗೇ ನಿಂತಿತ್ತು. ಯಾವುದು ಎಂದು ಹೇಳುವವರು ಯಾರೂ ಇರಲಿಲ್ಲ. ಆ ಟ್ರಂಕಿನ ವಿಷಯವನ್ನೂ ಓಂಪ್ರಕಾಶನಲ್ಲಿ ಕೇಳಿದಳು. ಮನೆಯಲ್ಲಿ ನಾಲ್ಕು ಟ್ರಂಕುಗಳಿದ್ದವು. ಎಲ್ಲದರಲ್ಲೂ ತುಂಡು ಬಟ್ಟೆ, ದಾರದ ಉಂಡೆ, ಹಳೆಯ ಅಳತೆಯ ಕಾಗದ. ಯಾವುದನ್ನು ಕುರಿತು ಏನು ಹೇಳಿದರೋ.

ಮಗಳು ಶ್ರೇಯಾ ಆಗ ಪೊಮೊನಾದ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಊರ್ಮಿಳಾ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ, ಹಾಸ್ಟೆಲಿನ ಹೊರಗಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದಳು.

"ಅಜ್ಜಿ ದವಾಖಾನ್ಯಾಗ ಇದ್ದದ್ದು ನಿನಗ ಗೊತ್ತಿತ್ತೇನು?"

"ನೋ ಅಮ್ಮಾ. ಐ ಸ್ವೇರ್. ನಂಗ್ ಡ್ಯಾಡ್ ಏನೂ ಹೇಳಿಲ್ಲ" ಎಂದಳು ಶ್ರೇಯಾ, ಅಪರೂಪಕ್ಕೆ ಅರ್ಧ ಕನ್ನಡದಲ್ಲಿ.

ಊರ್ಮಿಳಾ ನಂಬಿದಳು. ಆದರೆ ನಂಬುವ ಮೊದಲು ಮಗಳ ಕಣ್ಣು, ತುಟಿ, ಕೈ ಎಲ್ಲವನ್ನೂ ಒಮ್ಮೆ ಅಳೆದು ನೋಡಿದ್ದು ಅವಳಿಗೇ ಗೊತ್ತಾಯಿತು. ಹೆತ್ತ ಮಗಳ ಮುಖವನ್ನು ಹಾಗೆ ನೋಡುವಂತೆ ಮಾಡಿದರಲ್ಲ ಎಂದು ಅವಳು ಮರಳಿ ಬರುವಾಗ ಫ್ರೀವೇಯಲ್ಲಿ ದಾರಿಯುದ್ದಕ್ಕೂ ಅತ್ತಳು.

ಮನೆ ಬಿಡಲಿಲ್ಲ. ಬಿಡುತ್ತಾಳೆಂದು ಇಂದುಧರ ಕೆಲವು ತಿಂಗಳು ಹೆದರಿದ್ದ. ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಚಹಾ ಮಾಡಿಡುತ್ತಿದ್ದ. ಒಂದು ಸಲ ಅವಳ ಕಾಲ ಬಳಿ ಕೂತು, "ನಿನ್ನ ಕಳಕೋತೀನಿ ಅಂತ ಹೆದರಿಕಿ ಆಗಿತ್ತು ನಂಗ. ಇಬ್ಬರನ್ನೂ ಒಂದ ವಾರದಾಗ ಕಳಕೊಂಡ್ರ?" ಎಂದು ಅತ್ತ. ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅವನು ಕೆಟ್ಟವನಲ್ಲ ಎಂಬುದೂ ಗೊತ್ತಿತ್ತು. ಕೆಟ್ಟವನಾಗಿದ್ದರೆ ಬಿಟ್ಟು ಹೋಗುವುದು ಸುಲಭವಾಗುತ್ತಿತ್ತು. ಚಹಾ ಕುಡಿದಳು. ಅಡುಗೆ ಮಾಡಿದಳು. ಆದರೆ ಅವನು ಏನೇ ಹೇಳಿದರೂ, ಹಾಲು ಮುಗಿದಿದೆ ಎಂದರೂ ಸಹ, ಒಮ್ಮೆ ಫ್ರಿಜ್ ತೆರೆದು ನೋಡುವುದು ಅವಳಿಗೆ ಅಭ್ಯಾಸವಾಯಿತು. ಅವನು ಅದನ್ನು ಕಂಡೂ ಕಾಣದವನಂತೆ ಇರುತ್ತಿದ್ದ.

ಶಾಮಲಾ ಮೆಸೇಜು ಕಳಿಸುತ್ತಲೇ ಇದ್ದಳು. ಯುಗಾದಿಗೆ, ದೀಪಾವಳಿಗೆ, ಹುಟ್ಟುಹಬ್ಬಕ್ಕೆ. ಒಂದು ಸಲ ಉದ್ದಕ್ಕೆ ಬರೆದಳು: ರಾತ್ರಿಯೆಲ್ಲ ಕೂತು ಯೋಚಿಸಿದೆ, ಇನ್ನೊಂದು ಮಾತು ನೆನಪಾಯಿತು, "ಉಂಡಿ" ಅಂದಿದ್ದರು ಅನ್ನಿಸುತ್ತದೆ, ಊಟ ಮಾಡಿದೆಯಾ ಅಂತಲೋ ಲಾಡು ಅಂತಲೋ ಗೊತ್ತಿಲ್ಲ. ಅದನ್ನು ಓದಿ ಊರ್ಮಿಳಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಉತ್ತರ ಬರೆಯಲಿಲ್ಲ. ಅಳಿಸಲೂ ಇಲ್ಲ.

ಕಳೆದ ಚಳಿಗಾಲದಲ್ಲಿ ಅವಳಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಫಾರ್ಮ್ ಕೊಟ್ಟರು. ಇಂದುಧರ ಪಕ್ಕದ ಕುರ್ಚಿಯಲ್ಲಿ ಕೂತು ಅವಳ ಕೋಟು, ಚೀಲ ಹಿಡಿದುಕೊಂಡಿದ್ದ. ಅವಳು ಹೆಸರು, ವಯಸ್ಸು, ತೆಗೆದುಕೊಳ್ಳುವ ಗುಳಿಗೆಗಳು, ಅಲರ್ಜಿ ಎಲ್ಲ ಬರೆದಳು. ತುರ್ತು ಬಂದರೆ ಯಾರಿಗೆ ತಿಳಿಸಬೇಕು ಎಂಬ ಜಾಗ ಬಂತು. ಮೂವತ್ತು ವರ್ಷ ಅಲ್ಲಿ ಯೋಚಿಸದೆ ಬರೆಯುತ್ತಿದ್ದುದು ಒಂದೇ ಹೆಸರು.

ಅವಳು ಶ್ರೇಯಾ ಎಂದು ಬರೆದಳು. ಸಂಬಂಧ: ಮಗಳು. ಫೋನ್ ನಂಬರನ್ನು ನೆನಪಿನಿಂದಲೇ, ಒಂದೊಂದೇ ಅಂಕಿ ಬಿಡಿಸಿ ಬರೆದಳು.

ಇಂದುಧರ ನೋಡಿದ. ಅವನ ಕೈಯಲ್ಲಿದ್ದ ಕೋಟು ಸ್ವಲ್ಪ ಜಾರಿತು; ಎತ್ತಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡ.

"ಪೊಮೊನಾ ದೂರ ಆಗ್ತದಲ್ಲ" ಎಂದ, ಬಹಳ ಮೆಲ್ಲಗೆ. ಶ್ರೇಯಾಗೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕಿತ್ತು.

"ದೂರ ಇದ್ರೂ ಹೇಳ್ತಾಳ" ಎಂದಳು ಊರ್ಮಿಳಾ. ಎದ್ದು ಹೋಗಿ ಫಾರ್ಮನ್ನು ಕಿಟಕಿಯೊಳಗೆ ಕೊಟ್ಟು ಬಂದು, ತನ್ನ ಹೆಸರು ಕರೆಯುವುದನ್ನು ಕಾಯುತ್ತ ಅವನ ಪಕ್ಕದಲ್ಲೇ ಕೂತಳು.